ಕೆಂಪು ಗೆರೆಯನ್ನು ಓದಲು ಕಲಿಸುವುದು: ವ್ಯಾಕರಣ ಪರೀಕ್ಷಕ ತಂತ್ರಾಂಶ ಮತ್ತು ಮಕ್ಕಳ ಬರವಣಿಗೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಶಾಲೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟಿದ್ದಳು. ಅಜ್ಜಿಯ ಕೈಯಡುಗೆಯನ್ನು ವರ್ಣಿಸುವ ಸಾಲಿನಲ್ಲಿ ‘ಮುದ್ದೆ’ ಇರಬೇಕಾದ ಜಾಗದಲ್ಲಿ ‘ಮಡಲ್’ ಎಂಬ ಇಂಗ್ಲಿಷ್ ಪದವಿತ್ತು. ಅದಕ್ಕೆ ಗೊಂದಲ ಎಂದು ಅರ್ಥ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವಳು ಮುದ್ದೆ ಎಂದೇ ಟೈಪ್ ಮಾಡಿದ್ದಳು. ಪದದ ಕೆಳಗೆ ಕೆಂಪು ಗೆರೆ ಬಂದಿತು, ಮೌಸಿನ ಬಲಗುಂಡಿ ಒತ್ತಿ ಪಟ್ಟಿಯ ಮೊದಲ ಸಲಹೆಯನ್ನು ಆರಿಸಿದಳು, ಗೆರೆ ಮಾಯವಾಯಿತು. ಅದೇ ಪುಟದ ಎರಡನೆಯ ಸಾಲಿನಲ್ಲಿ ‘ನಾನು ಹಳ್ಳಿಯಲ್ಲಿ ವಾಸಿಸುತ್ತೇನೆ’ ಎನ್ನಲು ‘ಲಿವ್’ ಬರೆಯುವ ಬದಲು, ಬಿಟ್ಟುಹೋಗು ಎಂಬ ಅರ್ಥದ ‘ಲೀವ್’ ಬರೆದಿದ್ದಳು. ಅದರ ಕೆಳಗೆ ಯಾವ ಗೆರೆಯೂ ಬಂದಿರಲಿಲ್ಲವಾದ್ದರಿಂದ ಅದು ಹಾಗೆಯೇ ಉಳಿದಿತ್ತು. ಸರಿಯಾದ ಪದ ಹೋಗಿ ತಪ್ಪು ಪದ ಉಳಿದಿದ್ದ ಆ ಪುಟವನ್ನು ಅವಳು ‘ಈಗ ಒಂದೂ ತಪ್ಪಿಲ್ಲ ಸರ್’ ಎಂದು ಹೇಳಿ ಕೊಟ್ಟಿದ್ದಳು.

ಗೆರೆಯನ್ನು ಅಳಿಸುವುದು ಹೇಗೆಂದು ನಾನು ಅವಳಿಗೆ ತೋರಿಸಿದ್ದೆ. ಗೆರೆಯನ್ನು ಓದುವುದು ಹೇಗೆಂದು ತೋರಿಸಿರಲಿಲ್ಲ. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವನಾಗಿ ಅಂದಿನಿಂದ ನಾನು ಪಾಠದ ಕ್ರಮವನ್ನೇ ಬದಲಿಸಿಕೊಂಡೆ. ತಂತ್ರಾಂಶ ತಪ್ಪನ್ನು ತೋರಿಸುವ ಕ್ಷಣಕ್ಕೂ ಮಗು ಅದನ್ನು ತಿದ್ದುವ ಕ್ಷಣಕ್ಕೂ ನಡುವೆ ಒಂದು ಬಿಡುವು ಇರಬೇಕು, ಮತ್ತು ಆ ಬಿಡುವಿನಲ್ಲಿ ಮಗು ತಾನೇ ಒಂದು ತೀರ್ಮಾನಕ್ಕೆ ಬಂದು ಅದರ ಕಾರಣವನ್ನು ಬರೆಯಬೇಕು. ಮುಂದೆ ಹೇಳುವ ಪ್ರತಿಯೊಂದು ಕ್ರಮವೂ ಆ ಬಿಡುವನ್ನು ಉಂಟುಮಾಡುವುದಕ್ಕಾಗಿಯೇ ಇದೆ. ಪ್ರೌಢಶಾಲೆ ಮತ್ತು ಪಿಯು ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳ ಪಕ್ಕ ಕುಳಿತು ಓದಿಸುವ ತಂದೆತಾಯಿಯರಿಗೂ ಇದು ಉಪಯೋಗಕ್ಕೆ ಬರಬಹುದು.

ಯಂತ್ರ ಏನನ್ನು ನೋಡುತ್ತದೆ ಎಂದು ಮೊದಲು ತೋರಿಸಿ

ವ್ಯಾಕರಣ ಪರೀಕ್ಷಕ ಕೆಲಸ ಮಾಡುವ ಬಗೆಯನ್ನು ಮಕ್ಕಳಿಗೆ ಒಂದು ಪೀರಿಯಡ್ಡಿನಲ್ಲಿ ಅರ್ಥ ಮಾಡಿಸಬಹುದು, ಮತ್ತು ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಒಂದು ಹಾಳೆಯಲ್ಲಿ ಮೂವತ್ತು ನಲವತ್ತು ಇಂಗ್ಲಿಷ್ ಪದಗಳನ್ನು ಬರೆದು ಒಬ್ಬ ವಿದ್ಯಾರ್ಥಿಯ ಕೈಗೆ ಕೊಡಿ. ಉಳಿದವರು ಒಂದೊಂದಾಗಿ ಪದಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ. ಹಾಳೆಯಲ್ಲಿ ಇಲ್ಲದ ಪದ ಬಂದಾಗಲೆಲ್ಲ ಆ ವಿದ್ಯಾರ್ಥಿ ಬೆಂಚನ್ನು ಕುಟ್ಟಬೇಕು. ಪದದ ಅರ್ಥವನ್ನು ಯೋಚಿಸುವ ಅಧಿಕಾರ ಅವನಿಗಿಲ್ಲ. ‘ಮುದ್ದೆ’ ಬಂದರೆ ಕುಟ್ಟುತ್ತಾನೆ, ‘ಯುಗಾದಿ’ ಬಂದರೆ ಕುಟ್ಟುತ್ತಾನೆ, ತನ್ನದೇ ಹೆಸರು ಬಂದರೂ ಕುಟ್ಟಬೇಕಾಗುತ್ತದೆ. ‘ಲೀವ್’ ಹಾಳೆಯಲ್ಲಿದ್ದರೆ, ಅದನ್ನು ಎಷ್ಟು ತಪ್ಪಾಗಿ ಬಳಸಿದ್ದರೂ ಸುಮ್ಮನಿರುತ್ತಾನೆ. ಕಾಗುಣಿತ ಪರೀಕ್ಷಕದ ಮೂಲ ಕೆಲಸ ಇಷ್ಟೇ ಎಂಬುದು ಹತ್ತು ನಿಮಿಷದಲ್ಲಿ ಇಡೀ ತರಗತಿಗೆ ತಿಳಿಯುತ್ತದೆ.

ವ್ಯಾಕರಣ ಪರೀಕ್ಷಕ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉದಾಹರಣೆಗೆ, ಜರ್ಮನಿಯ ಡೇನಿಯಲ್ ನಾಬರ್ 2003ರಲ್ಲಿ ತಮ್ಮ ವಿದ್ಯಾರ್ಥಿ ದೆಸೆಯ ಪ್ರಬಂಧಕ್ಕಾಗಿ ರೂಪಿಸಿದ, ಇಂದು ಅನೇಕ ಭಾಷೆಗಳಲ್ಲಿ ಕೆಲಸ ಮಾಡುವ ಲ್ಯಾಂಗ್ವೇಜ್‌ಟೂಲ್ ಎಂಬ ಮುಕ್ತ ತಂತ್ರಾಂಶವು ವಾಕ್ಯವನ್ನು ಪದಗಳಾಗಿ ಒಡೆದು, ಪ್ರತಿಯೊಂದು ಪದಕ್ಕೂ ಇದು ನಾಮಪದ, ಇದು ಕ್ರಿಯಾಪದ ಎಂಬ ಚೀಟಿ ಅಂಟಿಸಿ, ಆಮೇಲೆ ಆ ಚೀಟಿಗಳ ಸಾಲನ್ನು ಮೊದಲೇ ಬರೆದಿಟ್ಟ ನಿಯಮಗಳೊಂದಿಗೆ ಹೋಲಿಸಿ ನೋಡುತ್ತದೆ. ‘ಹಿ’ ಆದ ಮೇಲೆ ‘ಗೋ’ ಬಂದರೆ ಗೆರೆ ಎಳೆ ಎಂಬ ನಿಯಮವಿದ್ದರೆ ಗೆರೆ ಬರುತ್ತದೆ. ನಿಯಮ ಇಲ್ಲದಿದ್ದರೆ ಬರುವುದಿಲ್ಲ. ಈಚಿನ ತಂತ್ರಾಂಶಗಳು ನಿಯಮಗಳ ಜೊತೆಗೆ ಅಪಾರ ಪ್ರಮಾಣದ ಬರಹವನ್ನು ನೋಡಿ ಕಲಿತ ಊಹೆಯನ್ನೂ ಬಳಸುತ್ತವೆ, ಆದ್ದರಿಂದ ಹೆಚ್ಚು ತಪ್ಪುಗಳನ್ನು ಹಿಡಿಯುತ್ತವೆ. ಆದರೆ ಮಗು ಏನು ಹೇಳಲು ಹೊರಟಿತ್ತು ಎಂಬುದನ್ನೂ ಅವು ಊಹೆಯಿಂದಲೇ ತೀರ್ಮಾನಿಸುತ್ತವೆ. ಈ ಎರಡು ಮಾತುಗಳನ್ನು ಮಕ್ಕಳು ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ: ಗೆರೆ ಬಂದದ್ದೆಲ್ಲ ತಪ್ಪಲ್ಲ, ಗೆರೆ ಬರದದ್ದೆಲ್ಲ ಸರಿಯಲ್ಲ.

ಲ್ಯಾಬಿಗೆ ಹೋಗುವ ಮುನ್ನ

ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶ ಉಚಿತವಾದದ್ದು, ಇಂಟರ್ನೆಟ್ ಇಲ್ಲದೆಯೂ ನಡೆಯುವಂಥದ್ದು. ಹಳೆಯ ಯಂತ್ರಗಳಿರುವ ಲ್ಯಾಬಿಗೆ ಅದೇ ಸಾಕು. ಲಿಬ್ರೆ ಆಫೀಸ್ ಇರಲಿ, ಮೈಕ್ರೋಸಾಫ್ಟ್ ವರ್ಡ್ ಅಥವಾ ಗೂಗಲ್ ಡಾಕ್ಸ್ ಇರಲಿ, ಕೆಂಪು ಗೆರೆ ಕಾಗುಣಿತಕ್ಕೆ, ನೀಲಿ ಗೆರೆ ವ್ಯಾಕರಣಕ್ಕೆ ಎಂಬ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ವರ್ಡ್‌ನಲ್ಲೂ ಲಿಬ್ರೆ ಆಫೀಸಿನಲ್ಲೂ ಎಫ್7 ಗುಂಡಿ ಒತ್ತಿದರೆ ಇಡೀ ಬರಹದ ಪರೀಕ್ಷೆ ಶುರುವಾಗುತ್ತದೆ.

ಬರಹದ ಭಾಷೆ ಯಾವುದೆಂದು ತಂತ್ರಾಂಶಕ್ಕೆ ಸರಿಯಾಗಿ ತಿಳಿಸುವುದು ಮುಖ್ಯ. ಅಮೆರಿಕದ ಇಂಗ್ಲಿಷ್ ಆಯ್ಕೆಯಾಗಿದ್ದರೆ, ನಮ್ಮ ಪಠ್ಯಪುಸ್ತಕದಲ್ಲಿರುವ ಕಾಗುಣಿತದಂತೆಯೇ ‘ಕಲರ್’ ಪದವನ್ನು ‘ಯು’ ಅಕ್ಷರ ಸೇರಿಸಿ ಬರೆದ ಮಗುವಿಗೆ ಕೆಂಪು ಗೆರೆ ಸಿಗುತ್ತದೆ, ಅದು ತನ್ನ ಪುಸ್ತಕವನ್ನೇ ಅನುಮಾನಿಸತೊಡಗುತ್ತದೆ. ಬ್ರಿಟನ್ನಿನ ಇಂಗ್ಲಿಷನ್ನೋ, ಪಟ್ಟಿಯಲ್ಲಿದ್ದರೆ ಭಾರತದ ಇಂಗ್ಲಿಷನ್ನೋ ಆರಿಸಿ. ಇನ್ನೊಂದು ಮುಖ್ಯ ಕೆಲಸವೆಂದರೆ, ಟೈಪ್ ಮಾಡುತ್ತಿರುವಾಗಲೇ ಸದ್ದಿಲ್ಲದೆ ತಿದ್ದಿಬಿಡುವ ಆಟೋಕರೆಕ್ಟ್ ಸೌಲಭ್ಯವನ್ನು ನಿಲ್ಲಿಸುವುದು. ತಾನು ಮಾಡಿದ ತಪ್ಪು ತನ್ನ ಕಣ್ಣಿಗೇ ಬೀಳದಿದ್ದರೆ ಮಗು ಅದರಿಂದ ಏನನ್ನು ಕಲಿಯಬೇಕು? ಇಡೀ ವಾಕ್ಯವನ್ನು ಹೊಸದಾಗಿ ಬರೆದುಕೊಡುವ ಸಲಹೆಗಳನ್ನೂ ಇದೇ ಕಾರಣಕ್ಕೆ ಮುಚ್ಚಿಡಬೇಕು. ಮಗುವಿನ ನಾಲ್ಕು ಪದದ ವಾಕ್ಯವನ್ನು ತೆಗೆದು ಹದಿನಾಲ್ಕು ಪದದ ಚೆಂದದ ವಾಕ್ಯ ಕೊಟ್ಟರೆ, ಮಗುವಿಗೆ ಉಳಿಯುವುದು ತನಗೆ ಬರೆಯಲು ಬರುವುದಿಲ್ಲ ಎಂಬ ಭಾವನೆ ಮಾತ್ರ.

ಇಂಟರ್ನೆಟ್ ಮೂಲಕ ನಡೆಯುವ ಪರೀಕ್ಷಕಗಳಲ್ಲಿ ಮಕ್ಕಳ ಬರಹ ಬೇರೆಲ್ಲೋ ಇರುವ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಮನೆಯ ಕಷ್ಟ, ಕಾಯಿಲೆ, ಜಗಳ ಇವೆಲ್ಲ ಮಕ್ಕಳ ಪ್ರಬಂಧದಲ್ಲಿ ಬಂದೇ ಬರುತ್ತವೆ. ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ತೆಗೆಸಿದ ಮೇಲೆಯೇ ಅಲ್ಲಿಗೆ ಹಾಕಿಸಿ, ಮತ್ತು ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಕಾಗದದ ಮೇಲೆ ಮೊದಲು

ಮೊದಲ ಬರಹ ಕೈಬರಹದಲ್ಲೇ ಆಗಲಿ. ಟೈಪ್ ಮಾಡುವಾಗ ಗೆರೆಗಳು ಕಾಣದಂತೆ ಮಾಡಿ. ಲಿಬ್ರೆ ಆಫೀಸಿನಲ್ಲಿ ಶಿಫ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿದರೆ ತಾನಾಗಿ ನಡೆಯುವ ಪರೀಕ್ಷೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಶುರುವಾಗುತ್ತದೆ. ಗೆರೆ ಕಣ್ಣೆದುರಿಗೆ ಬರುತ್ತಿದ್ದರೆ ಮಕ್ಕಳು ವಾಕ್ಯ ಮುಗಿಸುವ ಮೊದಲೇ ಪದವನ್ನು ತಿದ್ದಲು ಹೋಗಿ, ಹೇಳಬೇಕೆಂದಿದ್ದನ್ನೇ ಮರೆಯುತ್ತಾರೆ. ಗೆರೆ ಬರುವ ಕಷ್ಟದ ಪದವನ್ನು ಬಿಟ್ಟು ಗೊತ್ತಿರುವ ಸಣ್ಣ ಪದವನ್ನು ಹಾಕಿ ಕೈತೊಳೆದುಕೊಳ್ಳುವವರನ್ನೂ ನಾನು ನೋಡಿದ್ದೇನೆ. ಅದು ತಪ್ಪಿಗಿಂತ ದೊಡ್ಡ ನಷ್ಟ.

ಟೈಪ್ ಮುಗಿದ ಮೇಲೆ, ಯಂತ್ರವನ್ನು ಕೇಳುವ ಮೊದಲು, ಮಗು ತನ್ನ ಬರಹವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಈ ಓದಿನಲ್ಲೇ ಎಷ್ಟೋ ತಪ್ಪುಗಳು ತಾವಾಗಿ ಸಿಗುತ್ತವೆ. ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ಎಸ್. ಪಿಟ್ ಕಾರ್ಡರ್ 1967ರಲ್ಲೇ ಮಾಡಿದ ಒಂದು ಭೇದ ಇಲ್ಲಿ ಬಹಳ ಉಪಯುಕ್ತ. ಗೊತ್ತಿದ್ದೂ ಆಯಾಸದಿಂದಲೋ ಅವಸರದಿಂದಲೋ ಆಗುವ ತಪ್ಪು ಒಂದು ಬಗೆ. ನಿಯಮವೇ ಇನ್ನೂ ಮನಸ್ಸಿನಲ್ಲಿ ಕೂರದೆ ಇರುವುದರಿಂದ ಆಗುವ ತಪ್ಪು ಇನ್ನೊಂದು ಬಗೆ. ತರಗತಿಯಲ್ಲಿ ನಾವು ಮೊದಲನೆಯದನ್ನು ‘ಕೈತಪ್ಪು’ ಎಂದೂ ಎರಡನೆಯದನ್ನು ‘ತಿಳಿಯದ ತಪ್ಪು’ ಎಂದೂ ಕರೆಯುತ್ತೇವೆ. ಗಟ್ಟಿಯಾಗಿ ಓದುವಾಗ ತಾನೇ ಹಿಡಿದದ್ದು ಕೈತಪ್ಪು. ಅದಕ್ಕೆ ಪಾಠ ಬೇಕಿಲ್ಲ, ಎಚ್ಚರ ಸಾಕು. ಓದಿದ ಮೇಲೂ ಉಳಿದು, ಯಂತ್ರ ತೋರಿಸಿದಾಗ ‘ಇದರಲ್ಲಿ ಏನು ತಪ್ಪು?’ ಎಂದು ಮಗು ಕೇಳಿದರೆ ಅದು ತಿಳಿಯದ ತಪ್ಪು, ಮತ್ತು ನಮ್ಮ ಸಮಯವೆಲ್ಲ ಅದಕ್ಕೇ ಸಲ್ಲಬೇಕು. ಯಂತ್ರ ಎರಡಕ್ಕೂ ಒಂದೇ ಗೆರೆ ಎಳೆಯುತ್ತದೆ; ಬೇರೆ ಮಾಡಿ ನೋಡುವ ಕೆಲಸ ಶಿಕ್ಷಕರದು.

ಆಮೇಲೆ ಗೆರೆಗಳನ್ನು ತೋರಿಸಿ, ಆದರೆ ಬಲಗುಂಡಿ ಒತ್ತಲು ಬಿಡಬೇಡಿ. ಮಕ್ಕಳು ತಮ್ಮ ಕೈಬರಹದ ಹಾಳೆಯಲ್ಲೇ, ಪರದೆಯ ಮೇಲೆ ಎಲ್ಲೆಲ್ಲಿ ಗೆರೆ ಇದೆಯೋ ಅಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಲಿ. ಹತ್ತು ಕಂಪ್ಯೂಟರಿಗೆ ನಲವತ್ತು ಮಕ್ಕಳಿರುವ ಲ್ಯಾಬಿನಲ್ಲಿ ಇದರಿಂದ ಇನ್ನೊಂದು ಅನುಕೂಲವಿದೆ: ಹತ್ತು ನಿಮಿಷದಲ್ಲಿ ಯಂತ್ರದ ಕೆಲಸ ಮುಗಿದು ಜಾಗ ಮುಂದಿನವರಿಗೆ ಸಿಗುತ್ತದೆ, ಉಳಿದ ಕೆಲಸ ಬೆಂಚಿನ ಮೇಲೆ ನಡೆಯುತ್ತದೆ. ಬೆಂಚಿಗೆ ಬಂದ ಮೇಲೆ ಪ್ರತಿಯೊಂದು ಗೆರೆಯ ಪಕ್ಕದಲ್ಲೂ ಮಗು ಒಂದು ಅಕ್ಷರ ಬರೆಯಬೇಕು. ಯಂತ್ರ ಹೇಳಿದ್ದು ಸರಿ ಎನಿಸಿದರೆ ‘ಸ’, ಯಂತ್ರವೇ ತಪ್ಪಿದೆ ಎನಿಸಿದರೆ ‘ಯ’, ಗೊತ್ತಾಗದಿದ್ದರೆ ‘ಕೇ’, ಅಂದರೆ ಕೇಳಬೇಕು. ‘ಕೇ’ ಬರೆದ ಮಗುವನ್ನು ಎಂದೂ ಕಡಿಮೆಯಾಗಿ ಕಾಣಬೇಡಿ. ಒಳ್ಳೆಯ ಪಾಠಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ‘ಯ’ ಬರೆದವರು ಕಾರಣವನ್ನು ಹೇಳಬೇಕು: ‘ಇದು ನಮ್ಮೂರಿನ ಹೆಸರು’, ‘ಇದು ಅಡುಗೆಯ ಹೆಸರು, ಇಂಗ್ಲಿಷಿನಲ್ಲಿ ಬೇರೆ ಪದವಿಲ್ಲ’. ಅಂಥ ಪದಗಳನ್ನು ತಂತ್ರಾಂಶದ ಪದಕೋಶಕ್ಕೆ ಸೇರಿಸುವುದನ್ನು ಅವರಿಗೇ ಕಲಿಸಿಕೊಡಿ. ತಮ್ಮ ಊರಿನ ಹೆಸರನ್ನು ಯಂತ್ರಕ್ಕೆ ಕಲಿಸಿದ ಮಕ್ಕಳ ಮುಖದಲ್ಲಿ ಮೂಡುವ ಸಂತೋಷವನ್ನು ನೋಡಲೆಂದಾದರೂ ಇದನ್ನು ಮಾಡಿಸಬೇಕು.

ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ

‘ಸ’ ಎಂದು ಗುರುತಾದ ತಪ್ಪುಗಳು, ಮತ್ತು ವಿವರಿಸಿದ ಮೇಲೆ ‘ಕೇ’ಯಿಂದ ‘ಸ’ಕ್ಕೆ ಬಂದವು, ಒಂದು ಪ್ರತ್ಯೇಕ ನೋಟ್‌ಬುಕ್ಕಿಗೆ ಹೋಗಬೇಕು. ಪುಟವನ್ನು ನಾಲ್ಕು ಅಂಕಣವಾಗಿ ಮಡಿಸಿದರೆ ಸಾಕು. ಮೊದಲನೆಯದರಲ್ಲಿ ತಾನು ಬರೆದ ವಾಕ್ಯ, ಎರಡನೆಯದರಲ್ಲಿ ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ, ಮೂರನೆಯದರಲ್ಲಿ ತಿದ್ದಿದ ವಾಕ್ಯ ಮತ್ತು ಕಾರಣ, ನಾಲ್ಕನೆಯದರಲ್ಲಿ ಅದೇ ನಿಯಮಕ್ಕೆ ತಾನೇ ಕಟ್ಟಿದ ಹೊಸದೊಂದು ವಾಕ್ಯ. ಈ ನಾಲ್ಕರಲ್ಲಿ ಎರಡನೆಯ ಅಂಕಣವನ್ನು ಯಾವ ತಂತ್ರಾಂಶವೂ ತುಂಬಿಕೊಡಲಾರದು. ಕನ್ನಡ ಬಲ್ಲ ಶಿಕ್ಷಕರಿಗೆ ಇರುವ ದೊಡ್ಡ ಬಲವೂ ಅದೇ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ‘ಐ ಆ್ಯಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂಬುದು ನಮ್ಮ ಮಕ್ಕಳು ಮಾತ್ರವಲ್ಲ, ದೊಡ್ಡವರೂ ದಿನವೂ ಹೇಳುವ ವಾಕ್ಯ. ಕೆಲವು ಪರೀಕ್ಷಕಗಳು ಇದಕ್ಕೆ ಗೆರೆ ಎಳೆದು ‘ಫಾರ್’ ಹಾಕು ಎನ್ನುತ್ತವೆ, ಕೆಲವು ಸುಮ್ಮನೆ ದಾಟಿ ಹೋಗುತ್ತವೆ. ಸಲಹೆಯನ್ನು ಒಪ್ಪಿದ ಮಗು ಮುಂದಿನ ವಾರ ಮತ್ತೆ ‘ಸಿನ್ಸ್’ ಬರೆಯುತ್ತದೆ, ಏಕೆಂದರೆ ತಪ್ಪಿನ ಬೇರು ಇಂಗ್ಲಿಷಿನಲ್ಲಿಲ್ಲ. ಎರಡನೆಯ ಅಂಕಣದಲ್ಲಿ ಮಗು ಬರೆಯುವುದು ‘ನಾನು ಮೂರು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ’ ಎಂದು. ಅದರ ಕೆಳಗೆ ‘ನಾನು 2023ರಿಂದ ಇಲ್ಲಿ ಓದುತ್ತಿದ್ದೇನೆ’ ಎಂದು ಬರೆಯಿಸಿ, ಎರಡರಲ್ಲೂ ‘ಇಂದ’ಕ್ಕೆ ಸುತ್ತು ಹಾಕಿಸಿ. ಕಾಲ ಶುರುವಾದ ಬಿಂದುವಿಗೂ ಕಾಲದ ಉದ್ದಕ್ಕೂ ಕನ್ನಡ ಒಂದೇ ಪ್ರತ್ಯಯವನ್ನು ಬಳಸುತ್ತದೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’ ಎಂದು ಬೇರೆ ಬೇರೆ ಪದ ಇಟ್ಟುಕೊಂಡಿದೆ. ಅಲ್ಲಿಗೇ ಮುಗಿಯಲಿಲ್ಲ. ‘ಓದುತ್ತಿದ್ದೇನೆ’ ಎಂಬ ಕನ್ನಡ ರೂಪ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಎಂಬ ಬೇರೆ ರೂಪ ಬೇಕು. ಕನ್ನಡದ ಒಂದು ಸರಿಯಾದ ವಾಕ್ಯದಿಂದ ಇಂಗ್ಲಿಷಿನ ಎರಡು ತಪ್ಪುಗಳು ಹುಟ್ಟಿದ್ದನ್ನು ಮಕ್ಕಳು ಕಣ್ಣಾರೆ ಕಂಡಾಗ, ತಾವು ದಡ್ಡರಾದ್ದರಿಂದ ತಪ್ಪಾಯಿತು ಎಂಬ ಭಾವನೆ ಬಿಟ್ಟುಹೋಗುತ್ತದೆ. ಇದಕ್ಕಾಗಿ ಒಂದು ಇಡೀ ಪೀರಿಯಡ್ ಹೋದರೂ ಅದು ವ್ಯರ್ಥವಲ್ಲ.

ಇದೇ ದಾರಿಯಲ್ಲಿ ಬೇರೆ ತಪ್ಪುಗಳ ಬೇರೂ ಸಿಗುತ್ತದೆ. ಕನ್ನಡದ ‘ಹೇಳಿದ’ ಎಂಬ ಒಂದೇ ಪದ ‘ಸೆಡ್’ ಮತ್ತು ‘ಟೋಲ್ಡ್’ ಎರಡರ ಕೆಲಸವನ್ನೂ ಮಾಡುವುದರಿಂದ ‘ಹಿ ಸೆಡ್ ಮಿ’ ಬರುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ಡ್ ಅಬೌಟ್’ ಬರುತ್ತದೆ. ಇಂಗ್ಲಿಷಿನ ‘ಎ’, ‘ಆ್ಯನ್’, ‘ದ’ಗಳಿಗೆ ಸಮನಾದ ಪದಗಳು ಕನ್ನಡದಲ್ಲಿಲ್ಲದ ಕಾರಣ ಅವು ಬಿಟ್ಟುಹೋಗುತ್ತವೆ. ‘ಹಿ ಗೋ’ ಎಂಬ ತಪ್ಪಿಗೆ ಮಾತ್ರ ಕನ್ನಡವೇ ಮದ್ದು. ‘ಅವನು ಹೋಗುತ್ತೇನೆ’ ಎಂದು ಯಾವ ಮಗುವೂ ಹೇಳುವುದಿಲ್ಲ. ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗಬೇಕು ಎಂಬುದು ಅದಕ್ಕೆ ಮಾತು ಕಲಿತ ದಿನದಿಂದ ಗೊತ್ತು. ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಎಂದು ಇಷ್ಟೆಲ್ಲ ರೂಪಗಳನ್ನು ತಪ್ಪಿಲ್ಲದೆ ಬಳಸುವವರಿಗೆ ಇಂಗ್ಲಿಷಿನ ಒಂದು ‘ಎಸ್’ ಅಕ್ಷರ ದೊಡ್ಡದಲ್ಲ ಎಂದು ಹೇಳಿ ನೋಡಿ.

ಎಲ್ಲ ತಪ್ಪುಗಳನ್ನೂ ಒಂದೇ ದಿನ ಹಿಡಿಯಬಾರದು. ಎರಡನೆಯ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ಅದನ್ನು ಕೈಬಿಡಬೇಕು ಎಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ಬಲವಾಗಿ ವಾದಿಸಿದರು. ಅದೇ ಕ್ಷೇತ್ರದ ಡೇನಾ ಫೆರಿಸ್ 1999ರಲ್ಲಿ ಅದಕ್ಕೆ ವಿರುದ್ಧವಾಗಿ, ಆಯ್ದು ಸ್ಪಷ್ಟವಾಗಿ ತಿದ್ದಿದರೆ ಉಪಯೋಗವಿದೆ ಎಂಬ ನಿಲುವಿನಲ್ಲಿ ಉತ್ತರ ಕೊಟ್ಟರು. ಆ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಅನುಭವ ಫೆರಿಸ್ ಅವರ ಕಡೆಗಿದೆ, ಆದರೆ ಟ್ರಸ್ಕಾಟ್ ಅವರ ಎಚ್ಚರಿಕೆಯನ್ನು ನಾನು ಮರೆತಿಲ್ಲ. ಇಪ್ಪತ್ತು ಗೆರೆಗಳಿರುವ ಪುಟವನ್ನು ನೋಡಿದ ಮಗುವಿಗೆ ಕಲಿಯುವ ಮನಸ್ಸೇ ಉಳಿದಿರುವುದಿಲ್ಲ. ಆದ್ದರಿಂದ ವಾರಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ. ಉಳಿದ ಗೆರೆಗಳು ಆ ವಾರ ಹಾಗೇ ಇರಲಿ.

ಗೆರೆ ಬರದ ತಪ್ಪುಗಳನ್ನು ಹುಡುಕಲು ಒಂದು ಸುಲಭ ಉಪಾಯವಿದೆ. ನೋಟ್‌ಬುಕ್ಕಿನಲ್ಲಿ ಎರಡು ಮೂರು ಬಾರಿ ಬಂದ ತಪ್ಪಿನ ಪದಗಳನ್ನು ಪ್ರತಿ ಮಗುವೂ ಒಂದು ಚೀಟಿಯಲ್ಲಿ ಪಟ್ಟಿ ಮಾಡಿಕೊಳ್ಳಲಿ. ಮುಂದಿನ ಬರಹವನ್ನು ಟೈಪ್ ಮಾಡಿದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ ಆ ಪದಗಳನ್ನು ಒಂದೊಂದಾಗಿ ಹುಡುಕಲಿ. ‘ಸಿನ್ಸ್’ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನಿಂತು, ಮುಂದೆ ಇರುವುದು ಶುರುವಾದ ಕಾಲವೋ ಕಾಲದ ಉದ್ದವೋ ಎಂದು ಕೇಳಿಕೊಳ್ಳಲಿ. ‘ಲೀವ್’ ಸಿಕ್ಕಿದರೆ ಹೋಗುವ ಮಾತೋ ಇರುವ ಮಾತೋ ಎಂದು ನೋಡಲಿ. ಯಾವ ಕಂಪನಿಯೂ ಮಾರದ, ಆ ಒಂದು ಮಗುವಿಗೆಂದೇ ಆದ ಪರೀಕ್ಷಕ ಅದು.

ಕನ್ನಡ ಬರಹಕ್ಕೆ ಇದನ್ನು ಅನ್ವಯಿಸುವಾಗ

ಕನ್ನಡದಲ್ಲಿ ಪರಿಸ್ಥಿತಿ ಬೇರೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಇರುವುದು ಕಾಗುಣಿತ ಪರೀಕ್ಷೆ ಮಾತ್ರ, ಅದೂ ಪದಪಟ್ಟಿಯನ್ನು ಬೇರೆಯಾಗಿ ಅಳವಡಿಸಿಕೊಂಡರೆ. ಲಿಬ್ರೆ ಆಫೀಸ್ ಬಳಸುವ ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕವನ್ನು ಮೂಲತಃ ಹಂಗೇರಿಯನ್ ಭಾಷೆಗಾಗಿ ಲಾಸ್ಲೋ ನೇಮೆತ್ ರೂಪಿಸಿದರು. ಹಂಗೇರಿಯನ್ನಿನಲ್ಲೂ ಕನ್ನಡದಂತೆಯೇ ಒಂದು ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತದೆ. ಹಾಗಿದ್ದರೂ ಮನೆ, ಮನೆಯಲ್ಲಿ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ, ಮನೆಯಲ್ಲಿದ್ದವರಿಗೂನಾ ಎಂದು ಬೆಳೆಯುತ್ತ ಹೋಗುವ ನಮ್ಮ ಪದಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಹಿಡಿದಿಡುವುದು ಕಷ್ಟ. ಸಂಧಿಯಾದಾಗ ಅಕ್ಷರಗಳೇ ಬದಲಾಗುವುದರಿಂದ ಕಷ್ಟ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಕನ್ನಡ ಪುಟದ ಮೇಲೆ ಸರಿಯಾದ ಪದಗಳಿಗೂ ಧಾರಾಳವಾಗಿ ಕೆಂಪು ಗೆರೆ ಬರುತ್ತದೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತವಿರುವ ಯೂನಿಕೋಡ್ ಅಲ್ಲದ ಕ್ರಮದಲ್ಲಿ ಟೈಪ್ ಮಾಡಿದ್ದರೆ ಅದು ಕನ್ನಡವೆಂದೇ ಯಂತ್ರಕ್ಕೆ ತಿಳಿಯುವುದಿಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಹಾಗೆಂದು ಬಿಟ್ಟುಬಿಡಬೇಕಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು, ಉದಾಹರಣೆಗೆ ‘ವಿದ್ಯಾರ್ತಿ’, ‘ಅದ್ಯಕ್ಷ’, ‘ಸ್ವಚ್ಚ’ ಎಂಬಂಥವು, ಇಲ್ಲಿ ಚೆನ್ನಾಗಿಯೇ ಸಿಕ್ಕಿಬೀಳುತ್ತವೆ. ‘ಕೋಟ್ಯಾಧಿಪತಿ’, ‘ಜಾತ್ಯಾತೀತ’ ಎಂದು ಬರೆದಾಗ ಗೆರೆ ಬಂದರೆ ಸಂಧಿಯನ್ನು ಬಿಡಿಸಿ ತೋರಿಸಲು ಅದೇ ಸಮಯ: ಕೋಟಿ ಮತ್ತು ಅಧಿಪತಿ ಸೇರಿದಾಗ ಯಣ್ ಸಂಧಿಯಿಂದ ‘ಕೋಟ್ಯಧಿಪತಿ’ ಆಗುತ್ತದೆ, ಅಲ್ಲಿ ದೀರ್ಘಕ್ಕೆ ಕಾರಣವೇ ಇಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಂಧಿ ನಿಯಮ ತನ್ನದೇ ಬರಹದ ಒಂದು ಗೆರೆಯನ್ನು ವಿವರಿಸುವುದನ್ನು ಮಗು ಆಗ ನೋಡುತ್ತದೆ. ತಂತ್ರಾಂಶದ ಪಟ್ಟಿಯಲ್ಲೇ ತಪ್ಪು ರೂಪ ಸೇರಿಕೊಂಡಿರಬಹುದಾದ್ದರಿಂದ, ಅನುಮಾನ ಬಂದ ಪದವನ್ನು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ನೋಡುವ ಅಭ್ಯಾಸ ಮಾಡಿಸಿ. ಎಂಟು ಸಂಪುಟಗಳ ದೊಡ್ಡ ನಿಘಂಟು ಇಲ್ಲದಿದ್ದರೆ ಸಂಕ್ಷಿಪ್ತ ನಿಘಂಟಾದರೂ ಶಾಲೆಯ ಗ್ರಂಥಾಲಯದಲ್ಲಿ ಇರಬೇಕು.

‘ಮರದ ಮೇಲೆ ಅಕ್ಕಿ ಕುಳಿತಿತ್ತು’ ಎಂಬ ವಾಕ್ಯಕ್ಕೆ ಮಾತ್ರ ಯಾವ ಗೆರೆಯೂ ಬರುವುದಿಲ್ಲ. ಅಕ್ಕಿಯೂ ಪದ, ಹಕ್ಕಿಯೂ ಪದ. ಹಾಸನ ಮತ್ತು ಆಸನ, ಹುಳಿ ಮತ್ತು ಉಳಿ, ಹತ್ತು ಮತ್ತು ಅತ್ತು, ಕಳೆ ಮತ್ತು ಕಲೆ ಇವೆಲ್ಲ ಇದೇ ಗುಂಪಿನವು. ‘ಮಕ್ಕಳು ಆಡುತ್ತಿದೆ’, ‘ತಂದೆಯವರು ಹೇಳಿದನು’ ಎಂಬಲ್ಲಿಯೂ ಬಿಡಿಬಿಡಿಯಾಗಿ ಎಲ್ಲ ಪದಗಳೂ ಸರಿಯಾಗಿಯೇ ಇರುತ್ತವೆ. ಇಂಥ ಜೋಡಿಗಳನ್ನು ಮಕ್ಕಳೇ ಸಂಗ್ರಹಿಸಿ, ಯಂತ್ರಕ್ಕೆ ತಿಳಿಯದಂತೆ ತಪ್ಪನ್ನು ಅಡಗಿಸಿದ ಒಂದು ಪ್ಯಾರಾ ಬರೆದು, ಪಕ್ಕದ ಬೆಂಚಿನವರಿಗೆ ಹುಡುಕಲು ಕೊಡಲಿ. ತಪ್ಪನ್ನು ಉದ್ದೇಶಪೂರ್ವಕವಾಗಿ ಮಾಡಲು ಸರಿ ಯಾವುದೆಂದು ಚೆನ್ನಾಗಿ ಗೊತ್ತಿರಬೇಕು. ಆದ್ದರಿಂದ ಈ ಅಭ್ಯಾಸದಲ್ಲಿ ಬರೆದವರೂ ಹುಡುಕಿದವರೂ ಇಬ್ಬರೂ ಕಲಿಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಕಾರ ಬಿಡುವುದು ಅನೇಕ ಕಡೆಗಳಲ್ಲಿ ಆಡುಮಾತಿನ ಸಹಜ ರೀತಿ. ಅದು ಮಗುವಿನ ಮನೆಯ ಮಾತು. ಧಾರವಾಡದ ಕಡೆಯ ‘ಬರತೀನಿ’, ‘ಹೋಗ್ಯಾನ’ ಎಂಬ ರೂಪಗಳಿಗೂ ಯಂತ್ರ ಕೆಂಪು ಗೆರೆ ಎಳೆಯಬಹುದು. ಅವು ತಪ್ಪು ಎಂದು ಎಂದಿಗೂ ಹೇಳಬೇಡಿ. ಅರ್ಜಿ ಬರೆಯುವಾಗ ಯಾವ ರೂಪ, ಕತೆಯೊಳಗೆ ಅಜ್ಜ ಮಾತಾಡುವಾಗ ಯಾವ ರೂಪ ಎಂದು ಕೇಳಿ. ಕತೆಯ ಸಂಭಾಷಣೆಯಲ್ಲಿ ಆ ಗೆರೆಯ ಪಕ್ಕ ಮಗು ಧೈರ್ಯವಾಗಿ ‘ಯ’ ಎಂದು ಬರೆಯುವಂತಾಗಬೇಕು.

ಕಲಿತದ್ದನ್ನು ಅಳೆಯುವುದು

ತಿದ್ದಿದ ಪುಟಕ್ಕೆ ಅಂಕ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ, ಏಕೆಂದರೆ ಅದರಲ್ಲಿ ಯಂತ್ರದ ಪಾಲೆಷ್ಟು, ಮಗುವಿನ ಪಾಲೆಷ್ಟು ಎಂದು ಹೇಳಲಾಗದು. ಅಂಕ ನೋಟ್‌ಬುಕ್ಕಿನ ಮೂರನೆಯ ಮತ್ತು ನಾಲ್ಕನೆಯ ಅಂಕಣಗಳಿಗೆ, ಅಂದರೆ ಕಾರಣಕ್ಕೆ ಮತ್ತು ಹೊಸ ವಾಕ್ಯಕ್ಕೆ ಸಲ್ಲಲಿ. ಎರಡು ವಾರ ಬಿಟ್ಟು, ಅದೇ ಬಗೆಯ ತಪ್ಪಿಗೆ ಅವಕಾಶವಿರುವ ವಿಷಯವೊಂದನ್ನು ಕೊಟ್ಟು, ಕಂಪ್ಯೂಟರ್ ಇಲ್ಲದೆ ನೂರು ಪದ ಬರೆಯಿಸಿ. ‘ಸಿನ್ಸ್’ ಮತ್ತು ‘ಫಾರ್’ ಕಲಿಸಿದ್ದರೆ ‘ನಾನು ಬಹಳ ದಿನದಿಂದ ಮಾಡುತ್ತಿರುವ ಒಂದು ಕೆಲಸ’ ಎಂಬ ವಿಷಯ ಸಾಕು. ಆ ನೂರು ಪದಗಳಲ್ಲಿ ಆ ಒಂದು ತಪ್ಪು ಎಷ್ಟು ಬಾರಿ ಬಂದಿತು ಎಂಬುದನ್ನು ಮಗು ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕಿನೊಂದಿಗೆ ಬರೆದಿಡಲಿ. ನಾಲ್ಕಿದ್ದದ್ದು ಎರಡಾಗಿ, ಎರಡಿದ್ದದ್ದು ಮತ್ತೆ ಮೂರಾಗುವುದೂ ಉಂಟು. ಭಾಷೆ ಹಾಗೆ ಹಿಂದೆ ಮುಂದೆ ಆಗುತ್ತಲೇ ಬರುವಂಥದ್ದು ಎಂದು ಹೇಳಿ, ಅದನ್ನು ಸೋಲೆಂದು ಎಣಿಸದಿರಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಯಲ್ಲಿ ಯಾವ ಗೆರೆಯೂ ಬರುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಒಂದು ತಿಂಗಳಿರುವಾಗ ಪ್ರತಿ ಮಗುವೂ ತನ್ನ ನೋಟ್‌ಬುಕ್ಕಿನಿಂದ ಹೆಚ್ಚು ಬಾರಿ ಬಂದ ಮೂರು ತಪ್ಪುಗಳನ್ನು ಮಾತ್ರ ಆರಿಸಿಕೊಂಡು, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಕೊನೆಯ ಹತ್ತು ನಿಮಿಷವನ್ನು ಉತ್ತರಪತ್ರಿಕೆಯಲ್ಲಿ ಆ ಮೂರನ್ನೇ ಹುಡುಕಲು ಬಳಸುವ ರೂಢಿ ಮಾಡಿಕೊಳ್ಳಲಿ. ಒಂದು ತಪ್ಪಿಗಾಗಿ ಒಂದು ಸಲ, ಹೀಗೆ ಉತ್ತರಪತ್ರಿಕೆಯನ್ನು ಮೂರು ಸಲ ಓದಬೇಕು; ಮೂರನ್ನೂ ಒಟ್ಟಿಗೆ ಹುಡುಕಲು ಹೋದರೆ ಕಣ್ಣು ವಾಕ್ಯದ ಅರ್ಥದ ಹಿಂದೆ ಹೋಗಿ ತಪ್ಪನ್ನು ದಾಟಿಬಿಡುತ್ತದೆ.